ಅತಿಕ್ರಮಣ ಜಾಗದ ಕರಾರು, ಅಪ್ರಾಪ್ತರ ಸಹಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದು ಕಾಗದವಿದೆ. ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿಸಿ ನೋಟರಿ ಸೀಲು ಹಾಕಿಸಿರುತ್ತಾರೆ. ‘ಫಾರೆಸ್ಟ್ ಸರ್ವೆ ನಂಬರಿನಲ್ಲಿ ನಾನು ಸಾಗುವಳಿ ಮಾಡಿಕೊಂಡು ಬಂದ 20 ಗುಂಟೆ ಅತಿಕ್ರಮಣ ಜಾಗದ ಕಬ್ಜೆ ಬಿಟ್ಟುಕೊಟ್ಟಿದ್ದೇನೆ’ ಎಂಬ ಒಕ್ಕಣೆ. ಸೀಲು ನೋಡಿ ಜನ ನಂಬುತ್ತಾರೆ. ಸಹಿ ಇವರದ್ದೇ ಎನ್ನುವುದಕ್ಕೆ ಸೀಲು ಆಧಾರವಾದೀತು, ಇಲ್ಲದ ಹಕ್ಕನ್ನು ಅದು ಹುಟ್ಟಿಸಲಾರದು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕರೂ ಕಲಂ 4(4)ರಂತೆ ಅದು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಪರಭಾರೆ ಆಗುವುದಿಲ್ಲ. ಹಕ್ಕುಪತ್ರವೇ ಇಲ್ಲದವರು ಮಾರುವುದೇನನ್ನು? ದಾವೆ ಬಂದಾಗ 1872ರ ಕರಾರು ಕಾಯ್ದೆಯ ಕಲಂ 23 ಅಡ್ಡ ನಿಲ್ಲುತ್ತದೆ: ಉದ್ದೇಶ ಕಾನೂನಿಗೆ ವಿರುದ್ಧವಾದರೆ ಕರಾರು ಶೂನ್ಯ. ಕೊಟ್ಟ ಹಣವಾದರೂ ಬರುತ್ತದೆಯೇ? ಕಲಂ 65 ಇರುವುದು ಕರಾರು ಶೂನ್ಯವೆಂದು ಆಮೇಲೆ ತಿಳಿದವರಿಗಾಗಿ. ಮೊದಲೇ ಗೊತ್ತಿದ್ದವರಿಗೆ ಅದು ಅನ್ವಯಿಸದು ಎಂದು 1974ರ ಕುಜು ಕೋಲಿಯರೀಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ಅತಿಕ್ರಮಣ’ ಎಂಬ ಪದ ಕಾಗದದಲ್ಲೇ ಇದ್ದ ಮೇಲೆ ಗೊತ್ತಿರಲಿಲ್ಲ ಎನ್ನುವುದು ಬಲು ಕಷ್ಟ. ಕೂಲಿಯಲ್ಲಿ ಕೂಡಿಟ್ಟ ದುಡ್ಡು ಹೀಗೆ ಹೋಗುವುದು ಸಂಕಟದ ಸಂಗತಿ. ಮಾಲ್ಕಿ ಜಮೀನು, ಅಂದರೆ ತನ್ನ ಸ್ವಂತ ಹಕ್ಕಿನ ಜಮೀನೆಂದು ನಂಬಿಸಿ ಮಾರಿದ್ದರೆ ಮಾತು ಬೇರೆ, ಹಣ ಕೇಳಲು ದಾರಿ ಉಂಟು.

ಅಪ್ರಾಪ್ತರ ವಿಷಯದಲ್ಲಿ ಎರಡು ಸಂಗತಿ ಕಲಸಿಹೋಗುತ್ತವೆ. 18 ತುಂಬದ ಹುಡುಗ ತಾನೇ ಸಹಿ ಹಾಕಿದರೆ ಆ ಕರಾರು ಹುಟ್ಟಲೇ ಇಲ್ಲ. 1903ರ ಮೋಹೊರಿ ಬೀಬಿ ಪ್ರಕರಣದಿಂದ ಇದು ಗಟ್ಟಿ. ವಯಸ್ಸು ಸುಳ್ಳು ಹೇಳಿದ್ದರೂ ಅಷ್ಟೇ. ಆದರೆ ಪಡೆದ ಲಾಭವನ್ನು ಅಷ್ಟರಮಟ್ಟಿಗೆ ಹಿಂತಿರುಗಿಸುವಂತೆ ಕೋರ್ಟು ಹೇಳಬಹುದು. ಪಾಲಾಗಿ ಮಗುವಿನ ಹೆಸರಿಗೇ ಬಂದ ತೋಟವನ್ನು ತಾಯಿ ಕೋರ್ಟಿನ ಪೂರ್ವಾನುಮತಿಯಿಲ್ಲದೆ ಮಾರಿದರೆ ಅದು ಶೂನ್ಯವಲ್ಲ, ಶೂನ್ಯೀಕರಿಸಬಹುದಾದದ್ದು; ಅಂದರೆ ರದ್ದು ಮಾಡಿಸುವವರೆಗೆ ನಿಲ್ಲುತ್ತದೆ. ರದ್ದು ಕೋರಿ ದಾವೆ ಹೂಡಲು ಮಗುವಿಗೆ 18 ತುಂಬಿದ ಮೇಲೆ 3 ವರ್ಷ ಅವಧಿ. ಅವಿಭಕ್ತ ಕುಟುಂಬದ ತೋಟವನ್ನು ಯಜಮಾನ ಮಾರಿದಾಗ ಈ ಅನುಮತಿಯ ಪ್ರಶ್ನೆ ಬರುವುದಿಲ್ಲ, ಕುಟುಂಬಕ್ಕೆ ನಿಜವಾದ ಅಗತ್ಯವಿತ್ತೇ ಎಂಬುದನ್ನು ನೋಡುತ್ತಾರೆ. ಹಳೆಯ ಪಹಣಿಯಲ್ಲಿ ‘ಅ.ಪಾ.ಕ. ತಾಯಿ’ (ಅಪ್ರಾಪ್ತರ ಪರವಾಗಿ ಪಾಲಕಿ ತಾಯಿ) ಎಂದಿದ್ದರೆ ಖರೀದಿ ಮಾಡುವವರು ಅಲ್ಲೇ ನಿಂತು ವಾಟ್ನಿ ಪತ್ರ (ಪಾಲುಪತ್ರ) ಕೇಳಬೇಕು.

ಸಹಿ ಹಾಕಿದಾಗ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬ ತಕರಾರಿಗೆ ಸಹಿಯಾದ ದಿನದ ಆಸುಪಾಸಿನ ಆಸ್ಪತ್ರೆ ದಾಖಲೆ ಬೇಕು, ವರ್ಷಗಳ ನಂತರದ್ದು ಉಪಯೋಗಕ್ಕೆ ಬರುವುದು ಕಡಿಮೆ.

ಹೆಚ್ಚಿನ ಪ್ರತಿವಾದಿಗಳು ಎಡವುವುದು ಕೈಫಿಯತ್ತಿನಲ್ಲಿ, ಅಂದರೆ ದಾವೆಗೆ ಕೊಡುವ ಲಿಖಿತ ಉತ್ತರದಲ್ಲಿ. ಸಮನ್ಸು ಸಿಕ್ಕ 30 ದಿನದೊಳಗೆ ಅದು ಸಲ್ಲಬೇಕು, ಕಾರಣ ತೋರಿಸಿದರೆ 90ರವರೆಗೆ. ‘ಕರಾರು ಕಾನೂನುಬಾಹಿರ’ ಎಂದು ಒಂದು ಸಾಲು ಗೀಚಿ ಬಿಡುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8, ನಿಯಮ 2 ಕೇಳುವುದು ಸಂಗತಿಗಳನ್ನು: ಯಾವ ಸರ್ವೆ ನಂಬರು, ಅರಣ್ಯವೆಂದು ಯಾವ ದಾಖಲೆ ಹೇಳುತ್ತದೆ, ಯಾವ ಕಾಯ್ದೆಯ ಯಾವ ಕಲಂ ಮುರಿದಿದೆ. ಅಪ್ರಾಪ್ತತೆಯಾದರೆ ಜನ್ಮ ದಿನಾಂಕ, ಕರಾರಿನ ದಿನಾಂಕ, ಆ ದಿನಕ್ಕೆ ಆದ ವಯಸ್ಸು. ಜೊತೆಗೆ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಬರೀ ಆಧಾರ್ ಕಾರ್ಡು ಹಚ್ಚಿ ಕೂರಬೇಡಿ.