ಮೆತ್ತನೆಯ ದಾರ ಕತ್ತಿಯಾಗುವ ಬಗೆ: ಹುಲ್ಲು ಹೆರೆಯುವ ಯಂತ್ರ ಕೊಳ್ಳುವ ಮುನ್ನ

ಮುಂಗಾರು ಹಿಡಿದ ಮೂರು ವಾರಕ್ಕೆಲ್ಲ ಮಲೆನಾಡು, ಕರಾವಳಿಯ ಮನೆಗಳ ಹಿತ್ತಲಿನಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಕತ್ತಿ ಹಿಡಿದು ಹೆರೆಯಲು ಆಳು ಸಿಗುವುದು ಕಷ್ಟ. ಸಿಕ್ಕರೂ ಅಂಗಳದಷ್ಟು ಜಾಗಕ್ಕೆಂದು ಬರುವವರು ಕಡಿಮೆ. ಯಂತ್ರವನ್ನೇ ಕೊಂಡುಬಿಡೋಣವೆಂದು ಅಂಗಡಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಸಿಸಿ ಬೇಕು?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹುಲ್ಲನ್ನು ಕೊಯ್ಯುವುದು ಯಂತ್ರದ ತುದಿಯಲ್ಲಿ ತಿರುಗುವ, ಎರಡೂವರೆ ಮಿಲಿಮೀಟರಿನಷ್ಟೂ ದಪ್ಪವಿಲ್ಲದ ನೈಲಾನ್ ದಾರ. ಆ ದಾರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ತಿಳಿದರೆ ಇಂಜಿನ್ನಿನ ಆಯ್ಕೆ ಅಷ್ಟು ತೊಡಕಿನದಾಗಿ ಉಳಿಯುವುದಿಲ್ಲ.

ದಾರದಿಂದ ಹುಲ್ಲು ಕತ್ತರಿಸುವ ಯೋಚನೆ ಹುಟ್ಟಿದ್ದು 1971ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ. ನೃತ್ಯಶಾಲೆಗಳನ್ನು ನಡೆಸಿದ್ದ ಜಾರ್ಜ್ ಬಲಾಸ್ ಎಂಬವರು ಕಾರು ತೊಳೆಯುವ ಸ್ವಯಂಚಾಲಿತ ಯಂತ್ರದಲ್ಲಿ ಗಿರಗಿರನೆ ತಿರುಗುವ ಬ್ರಷ್ಷುಗಳು ಬಣ್ಣಕ್ಕೆ ಏಟಾಗದಂತೆ ಸಂದುಗೊಂದುಗಳ ಕೊಳೆ ತೆಗೆಯುವುದನ್ನು ಗಮನಿಸಿದರು. ಮರದ ಬುಡದ ಹುಲ್ಲನ್ನು ತೊಗಟೆಗೆ ಗಾಯವಾಗದಂತೆ ತೆಗೆಯಲು ಇದೇ ಉಪಾಯ ಸಾಕಲ್ಲವೇ ಎಂದುಕೊಂಡು, ಒಂದು ತಗಡಿನ ಡಬ್ಬಿಗೆ ತೂತು ಕೊರೆದು, ಗಾಳದ ದಾರ ಪೋಣಿಸಿ, ಹುಲ್ಲಿನ ಅಂಚು ಸವರುವ ಯಂತ್ರಕ್ಕೆ ಅದನ್ನು ಸಿಕ್ಕಿಸಿ ತಿರುಗಿಸಿದರು. ‘ವೀಡ್ ಈಟರ್’ ಎಂಬ ಹೆಸರಿನಲ್ಲಿ ಬೆಳೆದ ಆ ಉದ್ಯಮವನ್ನು 1977ರಲ್ಲಿ ಎಮರ್ಸನ್ ಎಲೆಕ್ಟ್ರಿಕ್ ಕಂಪನಿ ಕೊಂಡುಕೊಂಡಿತು. ತೊಗಟೆಯನ್ನು ಉಳಿಸಬೇಕೆಂಬ ಮೂಲ ಆಶಯ ಏನಾಯಿತೆಂಬುದನ್ನು ಮುಂದೆ ನೋಡೋಣ.

ಕೈಯಲ್ಲಿ ಹಿಡಿದರೆ ಬಾಗುವ ದಾರ ತಿರುಗುವಾಗ ಕಂಬಿಯಂತೆ ನೆಟ್ಟಗೆ ನಿಲ್ಲುವುದೇಕೆ? ಕವಣೆಯಲ್ಲಿ ಕಲ್ಲಿಟ್ಟು ಬೀಸಿದವರಿಗೆ ಉತ್ತರ ಗೊತ್ತಿದೆ: ಸುತ್ತುವ ವಸ್ತು ನೇರವಾಗಿ ಹಾರಿಹೋಗಲು ಹವಣಿಸುತ್ತದೆ, ಅದನ್ನು ತಡೆದು ವೃತ್ತದಲ್ಲಿ ಹಿಡಿದಿಡುವ ಸೆಳೆತವೇ ದಾರವನ್ನು ಬಿಗಿಗೊಳಿಸುತ್ತದೆ. ಲೆಕ್ಕ ಹಾಕಿದರೆ ಅಂಕಿಗಳು ಅಚ್ಚರಿ ಹುಟ್ಟಿಸುತ್ತವೆ. 2.4 ಮಿಲಿಮೀಟರ್ ದಪ್ಪದ ದಾರದ ತುದಿ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿದ್ದು, ನಿಮಿಷಕ್ಕೆ 7000 ಸುತ್ತು ತಿರುಗುತ್ತಿದೆ ಎಂದುಕೊಳ್ಳೋಣ. ತುದಿಯ ವೇಗ ಸೆಕೆಂಡಿಗೆ ಸುಮಾರು 147 ಮೀಟರ್, ಅಂದರೆ ಗಂಟೆಗೆ 530 ಕಿಲೋಮೀಟರಿನ ಆಸುಪಾಸು. ಹೊರಗೆ ಚಾಚಿಕೊಂಡಿರುವ 15 ಸೆಂಟಿಮೀಟರ್ ದಾರದ ತೂಕ ಒಂದು ಗ್ರಾಮೂ ಇಲ್ಲ. ಆದರೆ ಅದು ತನ್ನ ಬುಡವನ್ನು ಐದು ಕಿಲೋ ಭಾರ ತೂಗುಹಾಕಿದಷ್ಟು ಬಲದಿಂದ ಜಗ್ಗುತ್ತಿರುತ್ತದೆ.

ಕುಡುಗೋಲಿನಿಂದ ಕೊಯ್ಯುವಾಗ ಎಡಗೈ ಹುಲ್ಲಿನ ಹಿಡಿಯನ್ನು ಬಿಗಿಹಿಡಿದಿರುತ್ತದೆ. ಕತ್ತರಿಯಲ್ಲಿ ಎರಡನೆಯ ಅಲಗು ಆ ಕೆಲಸ ಮಾಡುತ್ತದೆ. ದಾರದ ಯಂತ್ರದಲ್ಲಿ ಅಂಥ ಆಸರೆ ಇಲ್ಲ. ಇಲ್ಲಿ ಆಸರೆಯಾಗುವುದು ದಂಟಿನ ಸ್ವಂತ ಜಡತ್ವ: ಬಾಗಿ ತಪ್ಪಿಸಿಕೊಳ್ಳಲು ಸಮಯವೇ ಸಿಗದಷ್ಟು ಬೇಗ ಏಟು ಬಿದ್ದರೆ ದಂಟು ನಿಂತಲ್ಲೇ ತುಂಡಾಗುತ್ತದೆ, ವೇಗ ಕುಗ್ಗಿದರೆ ಹುಲ್ಲು ಬಾಗುತ್ತದೆ, ದಾರಕ್ಕೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಈ ಯಂತ್ರದಲ್ಲಿ ಬಲಕ್ಕಿಂತ ವೇಗ ಮುಖ್ಯ. ಬಲ ಬೇಕಾಗುವುದು ದಟ್ಟ ಹುಲ್ಲಿನ ನಡುವೆಯೂ ಆ ವೇಗ ಇಳಿಯದಂತೆ ಕಾಯುವುದಕ್ಕೆ. ಗರಿಕೆ, ಮಳೆಗಾಲದ ರಸಭರಿತ ಕಳೆ, ಎಳೆಯ ಪಾರ್ಥೇನಿಯಂ ಇವೆಲ್ಲ ದಾರಕ್ಕೆ ಸುಲಭದ ತುತ್ತು. ಕಾಂಡ ಕಟ್ಟಿಗೆಯಾದ ಲಂಟಾನ, ಬಲಿತ ಕಮ್ಯುನಿಸ್ಟ್ ಗಿಡಗಳು ಹಾಗಲ್ಲ. ಅವುಗಳೆದುರು ದಾರವೇ ಚೂರಾಗುತ್ತದೆ. ಹಿತ್ತಲಿನಲ್ಲಿ ಅಂಥ ಪೊದೆಗಳಿದ್ದರೆ ಲೋಹದ ಬ್ಲೇಡ್ ಹಾಕಲು ಬರುವ, ತುದಿಯಲ್ಲಿ ಗೇರ್ ಪೆಟ್ಟಿಗೆಯಿರುವ ನೇರ ಕೊಳವೆಯ ಯಂತ್ರವನ್ನೇ ಆರಿಸಬೇಕು. ಬಾಗಿದ ಕೊಳವೆಯ ಹಗುರ ಮಾದರಿಗಳಲ್ಲಿ ಸಾಮಾನ್ಯವಾಗಿ ಬಾಗುವ ತಂತಿಯೊಂದು ದಾರದ ಉಂಡೆಯನ್ನು ನೇರವಾಗಿ ತಿರುಗಿಸುತ್ತದೆ. ಅದಕ್ಕೆ ಬ್ಲೇಡಿನ ಹೊರೆ ಹೊರಿಸಬಾರದು.

ದಾರ ಪದೇ ಪದೇ ತುಂಡಾಗುತ್ತದೆಂದು ಬೇಸತ್ತು ಸೈಕಲ್ ಚೈನು, ಉಕ್ಕಿನ ತಂತಿ ಕಟ್ಟುವವರಿದ್ದಾರೆ. ಕೊಂಡಿ ಕೊಂಡಿ ಜೋಡಿಸಿದ ಲೋಹದ ಕತ್ತರಿಸುವ ಭಾಗಗಳನ್ನು ಕೈಯಲ್ಲಿ ಹಿಡಿದು ಬಳಸುವ ಯಂತ್ರಗಳಿಗೆ ಜೋಡಿಸುವಂತೆ ಮಾರುವುದನ್ನು ಐರೋಪ್ಯ ಒಕ್ಕೂಟ 2012ರಲ್ಲೇ ತಡೆಯಿತು. ಏರ್‌ಗನ್ನಿನ ಗುಂಡು ಅರ್ಧ ಗ್ರಾಮಿನ ಆಸುಪಾಸಿನದು. ಕಳಚಿದ ಐದು ಗ್ರಾಮಿನ ಕೊಂಡಿ ಮೇಲೆ ಹೇಳಿದ ವೇಗದಲ್ಲಿ ಹಾರಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಯಂತ್ರದ ಹಿಂಬದಿಯ ರಕ್ಷಾಕವಚ. ಹುಲ್ಲು ಸಿಕ್ಕಿಕೊಳ್ಳುತ್ತದೆಂಬ ನೆಪದಲ್ಲಿ ಅದನ್ನು ಬಿಚ್ಚಿ ಅಟ್ಟಕ್ಕೆಸೆಯುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಅದು ಕಲ್ಲಿನ ಚೂರನ್ನು ತಡೆಯುತ್ತದೆಂಬುದು ಎಲ್ಲರಿಗೂ ಗೊತ್ತು; ಅದರ ಅಂಚಿನಲ್ಲಿರುವ ಪುಟ್ಟ ಅಲಗು ಇಂಜಿನ್ನನ್ನೂ ಕಾಪಾಡುತ್ತದೆಂಬುದು ಅನೇಕರಿಗೆ ಗೊತ್ತಿಲ್ಲ. ಹೆಚ್ಚು ಉದ್ದ ಬಂದ ದಾರವನ್ನು ಸರಿಯಾದ ಅಳತೆಗೆ ಕತ್ತರಿಸುವುದು ಅದರ ಕೆಲಸ. ಗಾಳಿಯನ್ನು ಸೀಳಿಕೊಂಡು ತಿರುಗಲು ದಾರಕ್ಕೆ ಬೇಕಾಗುವ ಶಕ್ತಿ, ಸುತ್ತಿನ ವೇಗ ಅಷ್ಟೇ ಇದ್ದಾಗ, ತ್ರಿಜ್ಯದ ನಾಲ್ಕನೆಯ ಘಾತದಂತೆ ಏರುತ್ತದೆ. ತುದಿಯ ದೂರ 20 ಸೆಂಟಿಮೀಟರಿನಿಂದ 24ಕ್ಕೆ ಹೋದರೆ, ಅಂದರೆ ನಾಲ್ಕು ಬೆರಳಗಲಕ್ಕಿಂತಲೂ ಕಡಿಮೆ ಅಳತೆಯಷ್ಟು ಉದ್ದವಾದರೆ, ಒಂದೇ ಒಂದು ಹುಲ್ಲನ್ನು ಮುಟ್ಟುವ ಮೊದಲೇ ಗಾಳಿಗೆ ತೆರುವ ಶಕ್ತಿ ದುಪ್ಪಟ್ಟಾಗುತ್ತದೆ. ಇಂಜಿನ್ ಏದುಸಿರು ಬಿಡುತ್ತದೆ, ವೇಗ ಇಳಿಯುತ್ತದೆ, ಕ್ಲಚ್ ಜಾರಿ ಬಿಸಿಯಾಗುತ್ತದೆ. ಯಜಮಾನರು ‘ಸಿಸಿ ಸಾಲದು’ ಎಂದು ಅಂಗಡಿಯವರನ್ನು ದೂರುತ್ತಾರೆ. ದಪ್ಪ ದಾರ ಹಾಕಿದರೂ ಇದೇ ಕಥೆ. ತಯಾರಕರು 2 ಮಿಲಿಮೀಟರ್ ಎಂದು ಹೇಳಿದಲ್ಲಿ 3 ಮಿಲಿಮೀಟರಿನ ದಾರ ತುರುಕುವುದು ಜಾಣತನವಲ್ಲ. ಚೌಕಾಕಾರದ, ನಕ್ಷತ್ರಾಕಾರದ ದಾರಗಳ ಅಂಚು ಹರಿತವಾದ್ದರಿಂದ ಚೆನ್ನಾಗಿ ಕೊಯ್ಯುತ್ತವೆ, ಆದರೆ ಬೇಗ ಸವೆಯುತ್ತವೆ. ಮನೆಯ ಅಂಗಳಕ್ಕೆ ಸಾದಾ ದುಂಡನೆಯ ದಾರ ಸಾಕು.

ನೈಲಾನ್ ತೇವವನ್ನು ಹೀರಿಕೊಳ್ಳುವ ಪ್ಲಾಸ್ಟಿಕ್. ಅಣುಸರಪಳಿಗಳ ನಡುವೆ ಸೇರಿಕೊಂಡ ನೀರು ಅದನ್ನು ಬಳುಕುವಂತೆ ಇಡುತ್ತದೆ; ವರ್ಷಗಟ್ಟಲೆ ಒಣಗಿದ ದಾರ ಪೆಡಸಾಗಿ ಪಟಪಟನೆ ಮುರಿಯುತ್ತದೆ. ಬಳಸುವ ಹಿಂದಿನ ದಿನ ಅದನ್ನು ನೀರಿನಲ್ಲಿ ನೆನೆಸಿಡುವ ಅಭ್ಯಾಸಕ್ಕೆ ಇದೇ ಕಾರಣ. ಇನ್ನೊಂದು ವಿಷಯವನ್ನೂ ಮರೆಯಬಾರದು: 2.4 ಮಿಲಿಮೀಟರಿನ ಒಂದು ಮೀಟರ್ ದಾರ ಸುಮಾರು ಐದು ಗ್ರಾಂ ತೂಗುತ್ತದೆ, ಅದು ಸವೆದುಹೋಯಿತೆಂದರೆ ಅಷ್ಟೂ ಪ್ಲಾಸ್ಟಿಕ್ ಹಿತ್ತಲಿನ ಮಣ್ಣು ಸೇರಿತೆಂದೇ ಅರ್ಥ. ಕಾಂಪೌಂಡಿನ ಕಲ್ಲಿಗೆ ದಾರವನ್ನು ಉಜ್ಜುತ್ತಾ ಹೋಗುವುದನ್ನು ಬಿಟ್ಟರೆ ಈ ನಷ್ಟದ ದೊಡ್ಡ ಪಾಲು ತಪ್ಪುತ್ತದೆ.

ಈಗ ಶಕ್ತಿಯ ಮೂಲಕ್ಕೆ ಬರಬಹುದು. ಬ್ಯಾಟರಿ ಯಂತ್ರಗಳ ಪೆಟ್ಟಿಗೆಯ ಮೇಲೆ 18, 20, 21 ವೋಲ್ಟ್ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಸಾಮಾನ್ಯವಾಗಿ ಮೂರರ ಒಳಗೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಕೋಶಗಳೇ. ಪ್ರತಿ ಕೋಶಕ್ಕೆ ಸರಾಸರಿ 3.6 ವೋಲ್ಟ್ ಹಿಡಿದರೆ 18, ಪೂರ್ತಿ ಚಾರ್ಜ್ ಆದ ಗಳಿಗೆಯ 4.2 ವೋಲ್ಟ್ ಹಿಡಿದರೆ 21. ನೋಡಬೇಕಾದದ್ದು ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದಾಗ ಬರುವ ವ್ಯಾಟ್-ಅವರ್ ಅಂಕಿಯನ್ನು. 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 72 ವ್ಯಾಟ್-ಅವರ್. ಯಂತ್ರ 300 ವ್ಯಾಟ್ ಎಳೆದರೆ ಅದು ಹದಿನಾಲ್ಕು ನಿಮಿಷ ಬಂದೀತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9000 ವ್ಯಾಟ್-ಅವರ್ ಶಕ್ತಿಯಿದೆ, ಸಣ್ಣ ಇಂಜಿನ್ ಅದರ ಐದನೇ ಒಂದು ಭಾಗವನ್ನಷ್ಟೇ ಕೆಲಸವಾಗಿಸಿದರೂ ಬ್ಯಾಟರಿಯ ಇಪ್ಪತ್ತೈದು ಪಟ್ಟಾಗುತ್ತದೆ. ಅಡಿಕೆ ತೋಟದವರು ಪೆಟ್ರೋಲ್ ಯಂತ್ರವನ್ನು ಬಿಡದಿರುವುದಕ್ಕೆ ಈ ಲೆಕ್ಕವೇ ಕಾರಣ. ಆದರೆ ಎರಡು ಮೂರು ಗುಂಟೆಯ ಅಂಗಳಕ್ಕೆ 36 ವೋಲ್ಟಿನ ಬ್ರಷ್‌ರಹಿತ ಮೋಟಾರಿನ (ಒಳಗೆ ಉಜ್ಜಿ ಸವೆಯುವ ಇಂಗಾಲದ ತುಂಡುಗಳಿಲ್ಲದ) ಯಂತ್ರ, ಜೊತೆಗೊಂದು ಹೆಚ್ಚುವರಿ ಬ್ಯಾಟರಿ ಇದ್ದರೆ ಸಾಕೆಂದೇ ನಾನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಈ ಗೊಂದಲ ಹೆಚ್ಚಿಲ್ಲ. 2024ರ ಮಾದರಿಗಳಿಂದೀಚೆಗೆ ಅಲ್ಲಿ ಇಂಥ ಹೊಸ ಯಂತ್ರಗಳು ಹೊಗೆರಹಿತವಾಗಿರಬೇಕೆಂಬ ನಿಯಮವಿದೆ. ವೈರಿನ ಯಂತ್ರ ಅಗ್ಗ, ಆದರೆ ಒದ್ದೆ ಹುಲ್ಲಿನಲ್ಲಿ 230 ವೋಲ್ಟಿನ ತಂತಿ ಎಳೆದಾಡುವುದು ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ.

ಪೆಟ್ರೋಲೇ ಬೇಕೆಂದಾದರೆ, ತುಸು ಭಾರವಾದರೂ ಫೋರ್ ಸ್ಟ್ರೋಕ್ ಲೇಸು. ಟೂ ಸ್ಟ್ರೋಕ್‌ನಲ್ಲಿ ಉರಿಯದ ಇಂಧನದ ಒಂದಂಶ ಹೊಗೆಯೊಡನೆ ಹೊರಹೋಗುತ್ತದೆ, ತಯಾರಕರು ಹೇಳಿದ ಪ್ರಮಾಣದಲ್ಲಿ (50:1 ಎಂದರೆ ಲೀಟರಿಗೆ 20 ಮಿಲಿಲೀಟರ್) ಎಣ್ಣೆ ಬೆರೆಸುವ ಕೆಲಸವೂ ತಪ್ಪದು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಸೆಳೆದುಕೊಳ್ಳುವುದರಿಂದ ದೀಪಾವಳಿಯ ಹೊತ್ತಿಗೆ ಯಂತ್ರವನ್ನು ಮೂಲೆಗಿಡುವಾಗ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಬೇಕು. ಕೊಳ್ಳುವ ಮೊದಲು ಪಟ್ಟಿ ಹೆಗಲಿಗೆ ಹಾಕಿ, ಯಂತ್ರ ಚಾಲೂ ಮಾಡಿಸಿ ಐದು ನಿಮಿಷ ಹಿಡಿದು ನೋಡುವುದು ಒಳ್ಳೆಯದು. ತೂಕಕ್ಕಿಂತ ಕಂಪನ ಹೆಚ್ಚು ಕಾಡುತ್ತದೆ. ದಿನವೂ ದೀರ್ಘಕಾಲ ಹಿಡಿಯುವವರ ಬೆರಳುಗಳ ರಕ್ತನಾಳ, ನರಗಳಿಗೆ ಅದರಿಂದ ಹಾನಿಯಾಗುವುದುಂಟು. ಕನ್ನಡಕ, ಬೂಟು, ಕಿವಿಗೆ ಮುಚ್ಚಳ ಇವುಗಳ ದುಡ್ಡನ್ನು ಯಂತ್ರದ ಬೆಲೆಗೇ ಸೇರಿಸಿಕೊಳ್ಳಬೇಕು. ಮಕ್ಕಳು, ನಾಯಿ 15 ಮೀಟರಿನೊಳಗೆ ಬರದಂತೆ ನೋಡಿಕೊಳ್ಳಬೇಕು.

ಬಲಾಸ್ ಅವರ ತೊಗಟೆಯ ಆಶಯಕ್ಕೆ ಮರಳೋಣ. ಬಲಿತ ಮಾವು, ಹಲಸುಗಳ ದಪ್ಪ ತೊಗಟೆಗೆ ದಾರದ ಏಟು ಲೆಕ್ಕಕ್ಕಿಲ್ಲ. ಎಳೆಯ ನಿಂಬೆ, ಕರಿಬೇವು, ಮಾವಿನ ಸಸಿಗಳ ಸ್ಥಿತಿ ಬೇರೆ: ಅವುಗಳ ತೆಳು ತೊಗಟೆಯ ಒಳಗೇ ಆಹಾರ ಸಾಗಿಸುವ ಪದರ ಇರುತ್ತದೆ, ದಾರ ಬುಡವನ್ನು ಸುತ್ತಲೂ ಒಮ್ಮೆ ಸವರಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಸಸಿ ನಿಧಾನವಾಗಿ ಒಣಗುತ್ತದೆ. ಅಡಿಕೆ, ತೆಂಗುಗಳಲ್ಲಿ ಗಾಯವನ್ನು ಮುಚ್ಚಿ ಬೆಳೆಯುವ ಕ್ಯಾಂಬಿಯಂ ಪದರವೇ ಇಲ್ಲವಾದ್ದರಿಂದ ಆದ ಗಾಯ ಹಾಗೆಯೇ ಉಳಿಯುತ್ತದೆ. ಸಸಿಯ ಸುತ್ತ ಎರಡು ಅಡಿ ದರಕು (ಒಣಗಿದ ಎಲೆ) ಹರಡಿದರೆ ಅಲ್ಲಿ ಹುಲ್ಲು ಹೆಚ್ಚು ಏಳುವುದಿಲ್ಲ. ಎದ್ದ ನಾಲ್ಕು ಎಸಳನ್ನು ಕೈಯಲ್ಲಿ ಕಿತ್ತರಾಯಿತು.