ಚೋಕ್ ಬಿಟ್ಟರೆ ಆಫ್ ಆಗುವ ಬೈಕು

ಕೆಲವು ತಿಂಗಳು ಸುಮ್ನೆ ನಿಂತಿದ್ದ ಡರ್ಟ್ ಬೈಕಿನದು ಸಾಮಾನ್ಯವಾಗಿ ಒಂದೇ ತಕರಾರು. ಚೋಕ್ ಎಳೆದು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಚೋಕ್ ಬಿಟ್ಟ ಕೂಡಲೇ ಆಫ್. ಆಕ್ಸಿಲರೇಟರ್ ತಿರುವಿ ಹಿಡಿದರೆ ಓಡುತ್ತದೆ, ಕೈ ಸಡಿಲಿಸಿದರೆ ಮತ್ತೆ ಆಫ್. ಇಷ್ಟು ಕಂಡರೆ ಮೊದಲ ಅನುಮಾನ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಪೈಲಟ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡಿನ ಮೇಲೆ. ಅದು ಕಟ್ಟಿಕೊಂಡಿರುತ್ತದೆ. ನಮ್ಮ ಕಡೆ ಮಣ್ಣಿನ ಹಾದಿಗೆ ಇಳಿಯುವ ಹಳೆಯ ಯಮಾಹಾ ಆರ್‌ಎಕ್ಸ್ 100 ಇರಲಿ, ಹೊರದೇಶದಿಂದ ತರಿಸಿದ ಟೂ-ಸ್ಟ್ರೋಕ್ ಡರ್ಟ್ ಬೈಕ್ ಇರಲಿ, ಸ್ಲೈಡ್ (ಆಕ್ಸಿಲರೇಟರ್ ತಿರುವಿದಂತೆ ಮೇಲೇರಿ ಗಾಳಿಯ ದಾರಿ ತೆರೆಯುವ ತುಂಡು) ಇರುವ ಕಾರ್ಬೊರೇಟರಿನ ಒಳಗಿನ ಕತೆ ಇದೇ.

ಎಂಜಿನ್ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಹೊರಗಿನ ಗಾಳಿಯೇ ಅದನ್ನು ಒಳಗೆ ತಳ್ಳುತ್ತದೆ. ನೀರಾಗಲಿ ಗಾಳಿಯಾಗಲಿ, ಇಕ್ಕಟ್ಟಾದ ಕೊಳವೆಯಲ್ಲಿ ಹರಿಯುವಾಗ ವೇಗ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ 1797ರಲ್ಲೇ ಇದನ್ನು ಬರೆದಿಟ್ಟ. ಕಾರ್ಬೊರೇಟರಿನ ಗಂಟಲಲ್ಲಿ ಒತ್ತಡ ಇಳಿದಾಗ, ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಮೂಲಕ ಮೇಲೇರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸ್ಲೈಡ್ ಹೆಚ್ಚುಕಡಿಮೆ ಪೂರ್ತಿ ಕೆಳಗಿರುತ್ತದೆ. ಆಗ ದೊಡ್ಡ ತೂತಿನ ಮೇನ್ ಜೆಟ್‌ಗೆ ಕೆಲಸವೇ ಇಲ್ಲ. ಸ್ಲೈಡಿನ ಹಿಂದೆ, ಎಂಜಿನ್ ಕಡೆಗಿರುವ ಒಂದು ಪುಟ್ಟ ತೂತಿನಿಂದಷ್ಟೇ ಪೆಟ್ರೋಲ್ ಬರಬೇಕು. ಅದಕ್ಕೆ ಪೆಟ್ರೋಲ್ ಅಳೆದು ಕೊಡುವುದೇ ಪೈಲಟ್ ಜೆಟ್. ಚೋಕ್‌ಗೆ ಬೇರೆಯದೇ ದಾರಿ ಇದೆ. ಅದಕ್ಕೇ ಚೋಕ್ ಎಳೆದಾಗ ಬೈಕು ಬದುಕುತ್ತದೆ.

ಕೆಟ್ಟಿದ್ದು ಚಿಕ್ಕ ಜೆಟ್ಟೇ ಯಾಕೆ? ಕೇಹಿನ್ ಕಂಪನಿಯ ಜೆಟ್ ಮೇಲೆ 40 ಅಂತಿದ್ದರೆ ತೂತಿನ ಅಡ್ಡಳತೆ 0.40 ಮಿಲಿಮೀಟರ್. ಮೇನ್ ಜೆಟ್ 150 ಆದರೆ 1.50 ಮಿಲಿಮೀಟರ್. ಎರಡರ ಒಳಗೋಡೆಗೂ 0.02 ಮಿಲಿಮೀಟರ್ ದಪ್ಪದ ಅಂಟು ಹಿಡಿಯಿತು ಅಂದುಕೊಳ್ಳಿ. ಹರಿವು ತೂತಿನ ವಿಸ್ತೀರ್ಣವನ್ನು, ಅಂದರೆ ಅಡ್ಡಳತೆಯ ವರ್ಗವನ್ನು ಅವಲಂಬಿಸಿದೆ. ಮೇನ್ ಜೆಟ್ ಕಳೆದುಕೊಳ್ಳುವುದು ಸುಮಾರು 5% ವಿಸ್ತೀರ್ಣ. ಪೈಲಟ್ ಜೆಟ್ 19% ಕಳೆದುಕೊಳ್ಳುತ್ತದೆ. ಅಂಟು ಅಷ್ಟೇ, ಪೆಟ್ಟು ಮಾತ್ರ ಬೇರೆ ಬೇರೆ.

ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಂತಲ್ಲೇ ನಿಂತರೆ ಹಗುರವಾದವು ಆವಿಯಾಗಿ ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದ ಜೊತೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಪಾತ್ರೆಯ ತಳದಲ್ಲಿ ಒಣಗಿದ ಬೆಲ್ಲದ ಪಾಕದಂತೆ ಕಂದು ಅಂಟಾಗುತ್ತವೆ. ಇನ್ನು ಎಥನಾಲ್. 20% ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಬಟ್ಟಲಿನ ತಳ ಸೇರುತ್ತದೆ. ಅಲ್ಲೇ ಜೆಟ್‌ಗಳೂ ಇರುವುದು. ಇನ್ನೊಂದು ವಿಷಯ: ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಇ20 ಲೆಕ್ಕ ಹಾಕಿದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಇ20 ಹೆಚ್ಚು ಬೇಕು. ಇಂಜೆಕ್ಷನ್ ಬೈಕಿನ ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಸರಿತೂಗಿಸಿಕೊಳ್ಳುತ್ತದೆ. ಹಿತ್ತಾಳೆಯ ತೂತಿಗೆ ಅದು ಎಲ್ಲಿ ಗೊತ್ತು? ಮೊದಲೇ ಪೆಟ್ರೋಲ್ ಕಡಿಮೆ ಕೊಡುತ್ತಿದ್ದ ಜೆಟ್ ಈಗ ಇನ್ನೂ ಬಡವಾಗುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಜಾಗ ಮಾತ್ರ ಬಯಲಾಗಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಅಡುಗೆಮನೆಯ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಲ್ಲದು. ಪೆಟ್ರೋಲ್ ಟ್ಯಾಪ್ ಮುಚ್ಚಿ, ಬಟ್ಟಲು ಖಾಲಿ ಮಾಡಿ. ಜಪಾನಿ ಕಾರ್ಬೊರೇಟರಿನ ಸ್ಕ್ರೂಗಳು ನೋಡಲು ಪ್ಲಸ್ ಥರ ಇದ್ದರೂ ಜೆಐಎಸ್ ಅನ್ನುವ ಜಪಾನಿ ಮಾನಕದ ಅಳತೆಯವು. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ತಲೆ ಸವೆಯುತ್ತದೆ. ಏರ್ ಸ್ಕ್ರೂ (ಐಡ್ಲಿಂಗ್ ಸಮಯದ ಗಾಳಿ ಹದ ಮಾಡುವ ಸ್ಕ್ರೂ) ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಡಿ. ನೀಡಲ್‌ನ ಕ್ಲಿಪ್ ಯಾವ ಕಚ್ಚಿನಲ್ಲಿ ಕೂತಿದೆ ಅನ್ನುವುದಕ್ಕೆ ಮೊಬೈಲ್ ಫೋಟೋ ಸಾಕು.

ತೊಳೆಯುವಾಗ ಮಾತ್ರ ನಾನು ಹಟಮಾರಿ. ಜೆಟ್ ಒಳಗೆ ಸೂಜಿ, ಸ್ಟೀಲ್ ತಂತಿ ಹಾಕಲೇಬಾರದು. ಹಿತ್ತಾಳೆ ಮೆತ್ತಗಿನ ಲೋಹ. 0.40 ಮಿಲಿಮೀಟರಿನ ತೂತು 0.44 ಆದರೆ ವಿಸ್ತೀರ್ಣ 21% ಹೆಚ್ಚಿತು. ಅಂಟನ್ನಾದರೂ ತೆಗೆಯಬಹುದು, ಕೆರೆದು ಹೋದ ಲೋಹವನ್ನು ವಾಪಸ್ ತರಲಾಗದು. ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಬೇಕಾದರೆ ನೈಲಾನ್ ಗಾಳದ ದಾರ ಹಾಯಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಊದಿಸಿ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಜೆಟ್ ಒಂದನ್ನೇ ತೊಳೆದರೆ ಅರ್ಧ ಕೆಲಸ. ಕಾರ್ಬೊರೇಟರಿನ ಮೈಯೊಳಗೆ ಕೊರೆದ ಸಣ್ಣ ದಾರಿಗಳಿಗೂ ಸ್ಪ್ರೇ ಹೊಡೆಯಬೇಕು. ಕನ್ನಡಕ ಹಾಕಿಕೊಳ್ಳಿ, ಇತ್ತ ಹೊಡೆದದ್ದು ಅತ್ತಲಿಂದ ಮುಖಕ್ಕೇ ಚಿಮ್ಮುತ್ತದೆ. ಓ-ರಿಂಗ್‌ಗಳನ್ನು ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ರಿಪೇರಿ ಕಿಟ್‌ನಲ್ಲಿ ಬರುವ ಗ್ಯಾಸ್ಕೆಟ್, ಓ-ರಿಂಗ್, ಫ್ಲೋಟ್ ನೀಡಲ್ (ಬಟ್ಟಲು ತುಂಬಿದಾಗ ತೇಲುವ ಫ್ಲೋಟ್ ತಳ್ಳಿ ಪೆಟ್ರೋಲ್ ನಿಲ್ಲಿಸುವ ಸೂಜಿ) ಹೊಸದಾಗಿಯೇ ಹಾಕಿ. ಅಗ್ಗದ ಕಿಟ್‌ನ ಜೆಟ್‌ಗಳನ್ನು ಮಾತ್ರ ನಾನು ನಂಬುವುದಿಲ್ಲ, ಗಾಡಿಯ ಜೊತೆ ಬಂದ ಹಳೆಯದನ್ನೇ ತೊಳೆದು ಹಾಕುವುದು ವಾಸಿ. ಫ್ಲೋಟಿನ ಎತ್ತರ ಆಯಾ ಮಾಡಲ್‌ನ ಮ್ಯಾನುಯಲ್‌ನಲ್ಲಿರುತ್ತದೆ. ಬಟ್ಟಲಿನ ಪೆಟ್ರೋಲ್ ಮಟ್ಟ ಕೆಳಗಿದ್ದರೆ ಎಲ್ಲ ಜೆಟ್‌ಗಳೂ ಒಟ್ಟಿಗೆ ಬಡವಾಗುತ್ತವೆ, ಮೇಲಿದ್ದರೆ ಓವರ್‌ಫ್ಲೋ.

ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿಯಲ್ಲಿ ಇದು ಬರೀ ಪಿಕಪ್ ವಿಷಯವಲ್ಲ. ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ಲೂ ಕಡಿಮೆ ಬಂತು ಅಂತ ಅರ್ಥ. ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳಬಹುದು.

ಜೋಡಿಸಿದ ಮೇಲೆ ಟ್ಯಾಪ್ ತೆರೆದು ಸ್ವಲ್ಪ ಹೊತ್ತು ಓವರ್‌ಫ್ಲೋ ಪೈಪ್ ನೋಡಿ. ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ನೀಡಲ್ ಸರಿಯಾಗಿ ಕೂತಿಲ್ಲ. ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಬರೆದಿಟ್ಟ ಸುತ್ತಿನಿಂದ ಅತ್ತಿತ್ತ ತಿರುಗಿಸಿ ಐಡ್ಲಿಂಗ್ ಹದ ಮಾಡಿ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಕೂಡಲೇ ಇಳಿಯುತ್ತಿಲ್ಲವೇ? ಕೇಬಲ್ ಸಲೀಸಾಗಿದ್ದರೆ ಕಾರ್ಬೊರೇಟರನ್ನು ಮತ್ತೆ ಬಿಚ್ಚಲು ಹೋಗಬೇಡಿ. ಅದಕ್ಕೂ ಎಂಜಿನ್‌ಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆಯಾ ಅಂತ ಮೊದಲು ನೋಡಿ.