ಆಂಟೆನಾ ಎಷ್ಟೇ ದೊಡ್ಡದಿರಲಿ, ವೈರ್ ಉದ್ದ ಬೇಡ

"ಅಣ್ಣಾರ, ಹತ್ತು ಮೀಟರ್ ವೈರ್ ಇರೋ ವೈಫೈ ಆಂಟೆನಾ ತಂದೀನ್ರಿ, ಲ್ಯಾಪ್‌ಟಾಪ್‌ಗೆ ಹಚ್ಚಿ ಕೊಡ್ರಿ." ಬಾಗಲಕೋಟೆಯ ನಮ್ಮ ರಿಪೇರಿ ಅಂಗಡಿಗೆ ಬರುವವರಲ್ಲಿ ವಿದ್ಯಾಗಿರಿ ಕಡೆಯ ಕಾಲೇಜು ಹುಡುಗರೂ ಇದನ್ನೇ ಕೇಳುತ್ತಾರೆ, ನವನಗರದ ನೌಕರದಾರರೂ ಇದನ್ನೇ ಕೇಳುತ್ತಾರೆ. ಡಬ್ಬಿಯ ಮೇಲೆ 9 ಡಿಬಿಐ ಎಂದು ದಪ್ಪಗೆ ಬರೆದಿರುತ್ತದೆ, ಅದು ಆಂಟೆನಾ ಕೊಡುವ ಲಾಭದ ಅಳತೆ. ಅದನ್ನು ನೋಡಿ ದುಡ್ಡು ಕೊಟ್ಟಿರುತ್ತಾರೆ. ಜೊತೆಗೆ ಬಂದ ವೈರಿನ ಸುರುಳಿ ಕಡೆ ಯಾರೂ ನೋಡಿರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಮೇಲೆ ಕೆಳಗೆ ಸುಮ್ನೆ ಹೋಗುವ ಸಿಗ್ನಲ್ಲನ್ನು ಒತ್ತಿ ಒಂದು ಕಡೆ ಕಳಿಸುತ್ತದೆ, ಅಷ್ಟೇ. ಆ ಲಾಭ ನಿಜ. ಆದರೆ ಅದನ್ನು ವೈರ್ ತಿಂದುಬಿಡುತ್ತದೆ.

ಲೆಕ್ಕ ಹಾಕೋಣ. ಆರ್‌ಜಿ 58 ಎಂಬ ಕಪ್ಪು ವೈರ್ ಇದೆಯಲ್ಲ, ವೈಫೈ ಓಡುವ 2.4 ಗಿಗಾಹರ್ಟ್ಸ್‌ನಲ್ಲಿ ಅದು ಮೀಟರಿಗೆ ಸುಮಾರು 1 ಡಿಬಿ ನುಂಗುತ್ತದೆ. ಡಿಬಿ ಅಂದರೆ ಸಿಗ್ನಲ್ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಅಳತೆ. 3 ಡಿಬಿ ಹೋದರೆ ಸಿಗ್ನಲ್ ಅರ್ಧ. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ಅಂದರೆ ಹತ್ತು ಮೀಟರ್ ವೈರಿಗೆ 10 ಡಿಬಿ ಹೋಯಿತು. ಆಂಟೆನಾ ಕೊಟ್ಟದ್ದು 9. ಕೈಯಿಂದಲೇ 1 ಹೋದ ಹಾಗಾಯ್ತು, ಅಲ್ವಾ? ಲ್ಯಾಪ್‌ಟಾಪ್ ಪರದೆಯ ಅಂಚಿನೊಳಗೆ ಕಂಪನಿಯವರು ಇಟ್ಟ ಪುಟ್ಟ ಆಂಟೆನಾಗೇ ಹೆಚ್ಚುಕಡಿಮೆ 2 ಡಿಬಿಐ ಇರುತ್ತದೆ. ದುಡ್ಡು ಕೊಟ್ಟು ಇದ್ದದ್ದನ್ನೂ ಅರ್ಧ ಮಾಡಿಕೊಂಡಂತೆ. ವೈಫೈನ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್‌ಗೆ ಹೋದರೆ ನಷ್ಟ ಇನ್ನೂ ಜಾಸ್ತಿ.

ನಮ್ಮ ರೈತರಿಗೆ ಇದು ಬೇಗ ತಿಳಿಯುತ್ತದೆ. ಕಾಲುವೆಗೆ ಎಷ್ಟೇ ನೀರು ಬಿಡಲಿ, ಕೊನೆಯ ಹೊಲಕ್ಕೆ ಮುಟ್ಟುವುದು ದಾರಿಯಲ್ಲಿ ಇಂಗಿ ಉಳಿದದ್ದು. ವೈಫೈನಲ್ಲಿ ಈ ಇಂಗುವಿಕೆ ಎರಡೂ ಕಡೆಗೆ. ರೌಟರ್‌ನಿಂದ ಬರುವುದೂ ಅದೇ ವೈರಿನಲ್ಲಿ ಸೊರಗುತ್ತದೆ, ಲ್ಯಾಪ್‌ಟಾಪ್ ಕಳಿಸುವುದೂ ಸೊರಗುತ್ತದೆ.

"ಹಂಗಾದ್ರ ಛಲೋ ವೈರ್ ಹಾಕ್ರಿ" ಅನ್ನುತ್ತಾರೆ. ಎಲ್‌ಎಂಆರ್ 400 ಎಂಬ ವೈರ್ ಹತ್ತು ಮೀಟರಿಗೆ 2 ಡಿಬಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಅಷ್ಟೇ. ಆದರೆ ಅದು ಒಂದು ಸೆಂಟಿಮೀಟರ್ ದಪ್ಪ, ಸುಲಭಕ್ಕೆ ಬಾಗುವುದಿಲ್ಲ. ಲ್ಯಾಪ್‌ಟಾಪ್ ಪಕ್ಕಕ್ಕೆ ಹಚ್ಚಿದರೆ ಅದರ ಭಾರಕ್ಕೇ ಕನೆಕ್ಟರ್ ಕಿತ್ತು ಬರುತ್ತದೆ.

ಗುಳೇದಗುಡ್ಡದ ಒಬ್ಬ ಕಾಕಾ ಮಗಳ ಲ್ಯಾಪ್‌ಟಾಪ್ ತಂದಿದ್ದರು. ಖಣ ನೇಯುವವರು. ಮಗಳು ಪರೀಕ್ಷೆಗೆ ಓದುತ್ತಿದ್ದಳು, ಆನ್‌ಲೈನ್ ಕ್ಲಾಸು ನಡುವೆ ನಿಂತುಬಿಡುತ್ತಿತ್ತು. ರೌಟರ್ ಪಡಸಾಲೆಯಲ್ಲಿ, ಹುಡುಗಿಯ ಕೋಣೆ ಹಿಂದೆ, ನಡುವೆ ಎರಡಡಿ ದಪ್ಪದ ಕಲ್ಲಿನ ಗೋಡೆ. ಕಾಕಾ ತಾವೇ ಟಿವಿ ಡಿಶ್‌ನ ವೈರ್ ಸುಲಿದು, ಲ್ಯಾಪ್‌ಟಾಪ್ ಒಳಗಿನ ಆಂಟೆನಾ ವೈರಿಗೆ ಹೊಸೆದು, ಮೇಲೆ ಟೇಪು ಸುತ್ತಿದ್ದರು. ನೂಲಿನ ಎಳೆ ಕೂಡಿಸಿ ಪಳಗಿದ ಕೈ. ಜೋಡಣೆ ನೋಡಲು ಬಲು ಅಚ್ಚುಕಟ್ಟಾಗಿತ್ತು. ಆದರೆ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ ಮೂರು ಸೆಂಟಿಮೀಟರ್, ವೈರ್ ಬೆತ್ತಲೆ ಇದ್ದರೆ ಸಾಕು, ಅದೇ ಒಂದು ಆಂಟೆನಾ ಆಗುತ್ತದೆ. ಸಿಗ್ನಲ್ಲಿನ ದೊಡ್ಡ ಪಾಲು ಅಲ್ಲೇ, ಲ್ಯಾಪ್‌ಟಾಪ್ ಹಿಂದೆಯೇ, ಹರಿದುಹೋಗುತ್ತಿತ್ತು. ಟಿವಿ ವೈರಿನ ತಡೆ (ಇಂಪೀಡೆನ್ಸ್) 75 ಓಮ್, ವೈಫೈನದು 50 ಓಮ್ ಎಂದು ಕೆಲವರು ದೊಡ್ಡ ಮಾತು ಹೇಳುತ್ತಾರೆ. ಆ ವ್ಯತ್ಯಾಸದಿಂದ ಆಗುವ ನಷ್ಟ ಸಣ್ಣದು. ಕೆಡಿಸಿದ್ದು ಜಾಯಿಂಟು.

ಅವರಿಗೆ ಕೊಟ್ಟದ್ದು ಐದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್, ಅದರ ತುದಿಗೆ ಆಂಟೆನಾ ಇರುವ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್. ಅದನ್ನು ಪಡಸಾಲೆ ಕಡೆಯ ಬಾಗಿಲ ಚೌಕಟ್ಟಿಗೆ ತೂಗುಹಾಕಿದರು. ಮೊಬೈಲಿನ ವೈಫೈ ಆ್ಯಪ್‌ನಲ್ಲಿ ಕೋಣೆಯೊಳಗೆ ಸಿಗ್ನಲ್ ಮೈನಸ್ 80 ತೋರಿಸುತ್ತಿದ್ದದ್ದು ಚೌಕಟ್ಟಿನ ಹತ್ತಿರ ಮೈನಸ್ 60ರ ಸುತ್ತ ಬಂತು. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಇಲ್ಲಿ ಸಿಗ್ನಲ್ ಹಿಡಿದು ಕಳಿಸುವ ರೇಡಿಯೋನೇ, ಅಂದರೆ ಅಡಾಪ್ಟರೇ, ಆಂಟೆನಾ ಹತ್ತಿರ ಹೋಗಿ ಕೂತಿದೆ. ಯುಎಸ್‌ಬಿ ವೈರಿನಲ್ಲಿ ಹರಿಯುವುದು ಡೇಟಾ, ಅದು ಮೀಟರಿಗಿಷ್ಟು ಎಂದು ಸೊರಗುವುದಿಲ್ಲ. ಯುಎಸ್‌ಬಿ 2.0ಗೆ ಐದು ಮೀಟರ್ ಮಿತಿ, ಅದನ್ನು ದಾಟಬೇಡಿ. ಯುಎಸ್‌ಬಿ 3 ಪೋರ್ಟು, ವೈರುಗಳಿಂದ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಏಳುವುದುಂಟು. ಆದ್ದರಿಂದ ಹಳೆಯ ನಮೂನೆಯ ಪೋರ್ಟೇ ವಾಸಿ. ಎಲ್ಲ ಮನೆಗೂ ಇದೇ ಔಷಧಿ ಎಂದು ಗ್ಯಾರಂಟಿ ಕೊಡಲಾರೆ. ಗೋಡೆ ನೋಡಬೇಕು, ರೌಟರ್ ಎಲ್ಲಿದೆ ನೋಡಬೇಕು.

ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡಿಗೇ ಹೊರಗಿನ ಆಂಟೆನಾ ಬೇಕು ಅನ್ನುವವರಿಗೆ ಮಾಡಿಕೊಡುತ್ತೇನೆ. ಆದರೆ ಒಳಗಿನ ತೆಳು ವೈರ್ ಒಂದು ಗೇಣು ದಾಟಬಾರದು, ಆಂಟೆನಾವನ್ನು ನೇರ ಲ್ಯಾಪ್‌ಟಾಪ್ ಪಕ್ಕದಲ್ಲೇ ತಿರುಗಿಸಿ ಕೂರಿಸಬೇಕು. ಕಾರ್ಡಿನ ಮೇಲೆ ಆಂಟೆನಾ ವೈರ್ ಕೂರಲು ಸಾಮಾನ್ಯವಾಗಿ ಎರಡು ಬಂಗಾರ ಬಣ್ಣದ ಗುಂಡಿಗಳಿರುತ್ತವೆ. ಹೊಸ ಕಾರ್ಡುಗಳಲ್ಲಿ ಒಂದೊಂದೂ 2 ಮಿಲಿಮೀಟರ್ ಅಗಲ. ವೈರಿನ ಟೋಪಿಯನ್ನು ಸರಿಯಾಗಿ ಮೇಲೆ ಕೂರಿಸಿ, ಉಗುರಿನಿಂದ ನೇರ ಒತ್ತಿದರೆ ಟಿಕ್ ಅನ್ನುತ್ತದೆ. ಓರೆ ಒತ್ತಿದರೆ ಗುಂಡಿ ಚಪ್ಪಟೆಯಾಗುತ್ತದೆ, ಕಾರ್ಡು ಹೋಯಿತು. ಹಳೆಯ ಯು.ಎಫ್‌ಎಲ್ ನಮೂನೆಯ ಗುಂಡಿಯನ್ನೇ ಮೂವತ್ತು ಸಲ ತೆಗೆದು ಹಾಕಲು ಮಾತ್ರ ಮಾಡಿರುತ್ತಾರೆ. ಹಾಗಾಗಿ "ಮತ್ತೊಮ್ಮೆ ತೆಗೆದು ನೋಡ್ರಿ" ಎಂದು ಪದೇ ಪದೇ ಹೇಳಬೇಡಿ. ಎರಡನೇ ಗುಂಡಿಯನ್ನು ಖಾಲಿ ಬಿಡಬೇಡಿ, ಸ್ಪೀಡ್ ಬೀಳುತ್ತದೆ. ವಾರಂಟಿ ಇದ್ದರೆ ಬಿಚ್ಚುವ ಮುಂಚೆ ನಿಬಂಧನೆ ಓದಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದರಲ್ಲಿ ಕೈ ಹಾಕದಿದ್ದರೆ ಒಳ್ಳೆಯದು.

ಮಾಳಿಗೆ ಮೇಲೆ ಆಂಟೆನಾ ಕಟ್ಟಿದವರು ಗುಡುಗು ಕೇಳುವ ಮೊದಲೇ, ಮೋಡ ಕಪ್ಪಗಾದ ಕೂಡಲೇ, ವೈರನ್ನು ಲ್ಯಾಪ್‌ಟಾಪ್‌ನಿಂದ ಕಿತ್ತು ಹೊರಗೆ ಹಾಕಿ. ಮಿಂಚಿಗೆ ಸುಟ್ಟ ಬೋರ್ಡುಗಳು ನನ್ನ ಮೇಜಿಗೆ ಬಂದಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ರಿಪೇರಿ ಇಲ್ಲ.